ಗೊತ್ತಿಲ್ಲದ ನಂಬರಿಗೆ ಕಾಯುವವರು

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ನನ್ನ ಗಂಡನನ್ನು ಬ್ಲಾಕ್ ಮಾಡಿದೆ.

ಜಗಳ ಆಗಿತ್ತಾ ಅಂತ ಕೇಳಬೇಡಿ. (ಕೇಳುವ ಜಾತಿಯವರೇ ನೀವು. ಗ್ರೈಂಡರ್ ರಿಪೇರಿ ಬಗ್ಗೆ ಬರೆದಾಗಲೂ "ಮನೆಯಲ್ಲಿ ಎಲ್ಲ ಸರಿಯಿದೆಯಾ ಮೇಡಂ" ಅಂತ ಮೆಸೇಜ್ ಹಾಕಿದ್ದಿರಿ.) ಜಗಳ ಆಡುವಷ್ಟು ಹತ್ತಿರದಲ್ಲಿ ಆ ಮನುಷ್ಯ ಇದ್ದರೆ ತಾನೇ? ಅವರು ಆಗ ದಡ ಕಾಣದಷ್ಟು ದೂರದಲ್ಲಿ, ಮಲ್ಪೆಯಿಂದ ಹೊರಟ ಬೋಟಿನಲ್ಲಿ ಬಲೆ ಎಳೆಯುತ್ತಿದ್ದರು.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಆಳಸಮುದ್ರದ ಬೋಟಿನಲ್ಲಿ ದುಡಿಯುವವರು. ಮಳೆಗಾಲದ ರಜೆ ಮುಗಿದರೆ ಮೇ ತಿಂಗಳ ತನಕ ಅವರ ಪಂಚಾಂಗ ಒಂದೇ. ಹತ್ತು ದಿನ ಕಡಲು, ಎರಡು ದಿನ ಮನೆ. ನಾನು ಕಿರಿಮಂಜೇಶ್ವರದ ಹತ್ತಿರ ಪಂಚಾಯತ್ ಲೈಬ್ರರಿ ನೋಡಿಕೊಳ್ಳುತ್ತೇನೆ. ನಮಗೆ ಮಕ್ಕಳಿಲ್ಲ. ಅತ್ತೆ ಹೋಗಿ ಮೂರು ವರ್ಷವಾಯಿತು. ಆ ಹತ್ತು ದಿನ ಮನೆಯಲ್ಲಿ ನಾನು ಮತ್ತು ನನ್ನ ಫೋನು.

ಕಡಲಿನಿಂದ ಫೋನ್ ಬರುವ ರೀತಿಯೇ ಬೇರೆ. ದೂರದಲ್ಲಿ ಟವರ್ ಸಿಗುವುದಿಲ್ಲ. ಬೋಟ್ ಸ್ವಲ್ಪ ದಡದ ಕಡೆ ಸರಿದಾಗ ಅರ್ಧ ಗಂಟೆ ಯಾರದೋ ಒಬ್ಬರ ಸಿಮ್ಮಿಗೆ ಎರಡು ಕಡ್ಡಿ ಬರುತ್ತದೆ. ಇಂಥವರದ್ದೇ ಅಂತ ಹೇಳುವ ಹಾಗಿಲ್ಲ. ಇವತ್ತು ಹೊನ್ನಾವರದವನದ್ದು, ನಾಳೆ ಜಾರ್ಖಂಡಿನವನದ್ದು. ಆ ಹೊತ್ತಿಗೆ ಇಡೀ ಬೋಟಿಗೆ ಅದೊಂದೇ ಫೋನ್. ಎಲ್ಲರೂ ಸಾಲು ನಿಂತು ಒಬ್ಬೊಬ್ಬರು ಒಂದೊಂದು ನಿಮಿಷ ಮನೆಗೆ ಮಾತಾಡುತ್ತಾರೆ. ಹಾಗಾಗಿ ನನ್ನ ಗಂಡನ ಕಾಲ್ ನನ್ನ ಗಂಡನ ನಂಬರಿನಿಂದ ಬರುವುದೇ ಅಪರೂಪ.

ಈಗ ಗೊತ್ತಾಯಿತಾ ನನ್ನ ಪಾಡು? ನಿಮಗೆಲ್ಲ ಗೊತ್ತಿಲ್ಲದ ನಂಬರ್ ಅಂದರೆ ಕಿರಿಕಿರಿ. ನಮ್ಮಂಥ ಮನೆಗಳಲ್ಲಿ ಗೊತ್ತಿಲ್ಲದ ನಂಬರ್ ಅಂದರೆ ಮನೆಯವರು.

ಮೊದಲೆಲ್ಲ ಇದರಿಂದ ತೊಂದರೆ ಇರಲಿಲ್ಲ. ಕಾಣದ ನಂಬರ್ ಬಂತು ಅಂದರೆ ಒಲೆ ಮೇಲಿದ್ದದ್ದು ಒಲೆ ಮೇಲೆ, ಓಡಿ ಬಂದು ಎತ್ತುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅವರೇ. "ಊಟ ಆಯ್ತಾ" ಅಂತ ಶುರು ಮಾಡಿ "ಬಾಗ್ಲ್ ಹಾಕಂಡ್ ಮನಿಕೊ" ಅಂತ ಮುಗಿಸುತ್ತಿದ್ದರು. ಹಗಲು ಹನ್ನೊಂದು ಗಂಟೆಗೆ ಮಾಡಿದರೂ ಅದೇ ಮಾತು.

ಈಗ? ಈಗ ಓಡಿ ಬಂದು ಎತ್ತಿದರೆ "ಮೇಡಂ, ನಿಮಗೊಂದು ಕ್ರೆಡಿಟ್ ಕಾರ್ಡ್ ಅಪ್ರೂವ್ ಆಗಿದೆ." ಒದ್ದೆ ಕೈ ಒರೆಸಿಕೊಂಡು ಎತ್ತಿದರೆ ಆನೇಕಲ್ ಹತ್ತಿರ ಸೈಟ್. ಲೈಬ್ರರಿಯಲ್ಲಿ ಪೇಪರ್ ಓದುವವರ ಕೆಂಗಣ್ಣು ತಪ್ಪಿಸಿ ಹೊರಗೆ ಓಡಿ ಎತ್ತಿದರೆ ಮೊಣಕಾಲು ನೋವಿನ ಎಣ್ಣೆ. (ನನ್ನ ಮೊಣಕಾಲು ನೋಯುವುದು ಅವರಿಗೆ ಹೇಗೆ ತಿಳಿಯಿತು? ಅದೂ ಆ ಓಟದಿಂದಲೇ ಶುರುವಾದದ್ದು.) ಇನ್ನೊಬ್ಬಳು ನನ್ನ ಮಗುವಿನ ಕೋಡಿಂಗ್ ಕ್ಲಾಸಿನ ಬಗ್ಗೆ ಕೇಳಿದಳು. ಮಕ್ಕಳಿಲ್ಲ ಅಂದೆ. "ಓಕೆ ಮೇಡಂ, ಎಷ್ಟು ವರ್ಷ ಮಗುವಿಗೆ?" ಅಂದಳು. ಅವಳ ಎದುರಿನ ಕಾಗದದಲ್ಲಿ ಮುಂದಿನ ಪ್ರಶ್ನೆ ಅದೇ ಇರಬೇಕು. 

ಡಿಎನ್‌ಡಿ ಹಾಕಿಸಿ, ಮಾರುವವರ ಕಾಲ್ ಬರುವುದಿಲ್ಲ ಅಂತ ಸಲಹೆ ಕೊಡುವವರಿದ್ದೀರಿ. ಹಾಕಿಸಿದ್ದೇನೆ. ಅದು ಹಾಕಿಸಿದ ಮರುದಿನ ಬಂದ ಮೊದಲ ಕಾಲ್ ಇನ್ಶೂರೆನ್ಸಿನದ್ದು. ಗೊತ್ತಿಲ್ಲದ ನಂಬರ್ ಎತ್ತಬೇಡಿ, ಫೋನ್ ಸೆಟ್ಟಿಂಗ್‌ನಲ್ಲೇ ಬಂದ್ ಮಾಡಿ ಅಂತ ಇನ್ನು ಕೆಲವರು. ಅದು ಇಡೀ ದೇಶಕ್ಕೆ ಒಳ್ಳೆಯ ಔಷಧ ಇರಬಹುದು. ನಾನು ಅದನ್ನು ತೆಗೆದುಕೊಂಡರೆ ಹತ್ತು ದಿನಕ್ಕೊಮ್ಮೆ ಸಿಗುವ ಆ ಒಂದು ನಿಮಿಷವೂ ಹೋಗುತ್ತದೆ.

ಸರಿ, ಆ ಮಧ್ಯಾಹ್ನಕ್ಕೆ ಬರೋಣ. ಅವರು ಹೋಗಿ ಒಂಬತ್ತನೇ ದಿನ, ಬುಧವಾರ. ಬೆಳಿಗ್ಗೆಯಿಂದ ಏಳು ಕಾಲ್ ಬಂದಿತ್ತು, ಏಳೂ ಮಾರುವವರದ್ದು. ಪ್ರತಿ ಸಲವೂ ಎದೆ ಒಂದು ಚೂರು ಮೇಲೆದ್ದು ಮತ್ತೆ ಕೆಳಗೆ ಬೀಳುವುದು. ಏಳು ಸಲ ಹಾಗೆ ಆದರೆ ಎಂಥ ತಾಳ್ಮೆಯವರಿಗೂ ತಲೆ ಕೆಡುತ್ತದೆ. ನನಗೆ ತಾಳ್ಮೆ ಮೊದಲೇ ಕಡಿಮೆ.

ಎಂಟನೆಯದು ಬಂತು. ನಂಬರಿನ ಕೆಳಗೆ ಒಡಿಶಾ ಅಂತ ಇತ್ತು. "ಹಲೋ" ಅಂದೆ. ಆ ಕಡೆ ಮೌನ. ನಿಮಗೂ ಗೊತ್ತಲ್ಲ ಆ ಮೌನ? ನೀವು ಎತ್ತಿದ ಮೇಲೆ ಆ ಕಡೆ ಯಾರೂ ಇಲ್ಲ, ಎರಡು ಸೆಕೆಂಡ್ ಬಿಟ್ಟು ಯಾರೋ ಬಂದು ಕೂತು ನಮಸ್ಕಾರ ಅನ್ನುತ್ತಾರೆ. ಮತ್ತೆ "ಹಲೋ" ಅಂದೆ. ಬರೀ ಸುಂಯ್ ಅನ್ನುವ ಶಬ್ದ. ನನ್ನ ಸಿಟ್ಟು ಅಷ್ಟರಲ್ಲಿ ಬಾಯಿಗೆ ಬಂದಾಗಿತ್ತು.

"ನಿಮಗೆ ನಾಚಿಕೆ ಆಗುವುದಿಲ್ಲವಾ? ನನಗೆ ನೀವೂ ಬೇಡ, ನಿಮ್ಮ ಮಾತೂ ಬೇಡ. ಇನ್ನೊಮ್ಮೆ ಈ ಮನೆಗೆ ಫೋನ್ ಮಾಡಬೇಡಿ."

ಕಟ್ ಮಾಡಿದೆ. ಬ್ಲಾಕ್ ಮಾಡಿದೆ. ಒಂದು ಲೋಟ ನೀರು ಕುಡಿದೆ. ಏನೋ ಸಾಧಿಸಿದ ಹಾಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹತ್ತನೇ ದಿನ ಅವರು ಬರಲಿಲ್ಲ. ಹನ್ನೊಂದನೇ ದಿನವೂ ಇಲ್ಲ. ಒಂದು ದಿನ ಹೆಚ್ಚು ಕಡಿಮೆ ಆಗುವುದು ಮಾಮೂಲಿ. ಹನ್ನೆರಡನೇ ದಿನ ಬೆಳಿಗ್ಗೆ ಗಾಳಿ ಜೋರಿತ್ತು, ನನಗೆ ತಡೆಯಲಿಲ್ಲ. ಬೋಟ್ ಓನರ್ ಮನೆಗೆ ಫೋನ್ ಮಾಡಿದೆ. ಬೋಟಿನಲ್ಲಿ ವಯರ್‌ಲೆಸ್ ಇರುತ್ತದೆ, ಸುದ್ದಿ ಏನಿದ್ದರೂ ಮೊದಲು ತಲುಪುವುದು ಅವರಿಗೆ. ರಿಂಗ್ ಪೂರ್ತಿ ಆಗಿ ನಿಂತಿತು. ಮತ್ತೆ ಮಾಡಿದೆ. ಮೂರನೇ ಸಲ ಆ ಕಡೆಯಿಂದ ಕಟ್ ಮಾಡಿದರು. ನಾಲ್ಕನೇ ಸಲ ರಿಂಗ್ ಕೂಡ ಆಗಲಿಲ್ಲ.

ಓನರ್ ಫೋನ್ ಎತ್ತದೇ ಇರುವುದಕ್ಕೆ ಏನು ಕಾರಣ ಇರಬಹುದು? ಬೋಟಿಗೆ ಕಾಯುವ ಹೆಂಗಸಿನ ತಲೆಗೆ ಬರುವ ಕಾರಣ ಒಂದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಲೈಬ್ರರಿಗೆ ಬೀಗ ಹಾಕಿ ಬಸ್ ಹತ್ತಿದೆ. ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಬ್ರಹ್ಮಾವರದ ಓನರ್ ಮನೆಗೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗಳ ಮದುವೆ ಸೀರೆಯ ವಿಷಯ ಹೇಳುತ್ತಿದ್ದಳು. ನಾನು ಹೌದು ಹೌದು ಅನ್ನುತ್ತಿದ್ದೆ. ಒಂದು ಶಬ್ದವೂ ತಲೆಗೆ ಹೋಗಲಿಲ್ಲ.

ಓನರ್ ಹೆಂಡತಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಆ ಕೈ ನೋಡಿಯೇ ನನಗೆ ಅರ್ಧ ಜೀವ ಬಂತು. ಕೆಟ್ಟ ಸುದ್ದಿ ಇರುವ ಮನೆಯಲ್ಲಿ ಹೂ ಕಟ್ಟುತ್ತಾರಾ?

"ಹ್ವಾಯ್, ಎಂತ ಇಷ್ಟ್ ದೂರ ಬಂದ್ರಿ?" ಅಂದರು.

"ಬೋಟ್ ಬರ್ಲಿಲ್ಲ ಅಲ್ದಾ ಅಕ್ಕಾ. ಫೋನ್ ಮಾಡ್ದೆ, ನೀವ್ ಎತ್ಲಿಲ್ಲ."

"ಅಯ್ಯೋ, ಅದ್ ನಿಮ್ದಾ? ಮೇಲಿಂದ ಮೇಲೆ ಬಂತಲ್ಲ, ಬ್ಯಾಂಕಿನ ಲೋನಿನವ್ರ್ ಅಂದೇಳಿ ಇವ್ರ್ ಬ್ಲಾಕ್ ಮಾಡ್ರ್."

ನಾಲ್ಕು ವರ್ಷದಿಂದ ನಮ್ಮ ಮನೆಯವರು ಅವರ ಬೋಟಿಗೆ ಹೋಗುತ್ತಾರೆ. ನನ್ನ ನಂಬರ್ ಅವರ ಹತ್ತಿರ ಇರಲಿಲ್ಲ. ಅವರ ಪಾಲಿಗೆ ನಾನೂ ಒಂದು ಗೊತ್ತಿಲ್ಲದ ನಂಬರ್. ಬೇಜಾರಾಯಿತು. ಆದರೆ ಯಾವ ಬಾಯಲ್ಲಿ ಆಕ್ಷೇಪ ಮಾಡಲಿ?

ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಬೋಟಿಗೆ ಎಂತದೂ ಆಯ್ಲಿಲ್ಲ ಮಾರಾಯ್ತಿ. ಗೋವಾ ಬದಿಗೆ ಮೀನ್ ಇತ್ತಂಬ್ರ್, ಅಲ್ಲಿಗ್ ಹೋಯಿದ್ರ್. ವಾಪಸ್ ಬಪ್ಪುಕೆ ಇನ್ನೂ ನಾಕ್ ದಿನ ಬೇಕ್. ಬುಧವಾರ ಮಧ್ಯಾಹ್ನ ಎಲ್ಲರೂ ಮನಿಗೆ ಫೋನ್ ಮಾಡಿರ್ ಅಂಬ್ರಲೆ? ಆ ಒಡಿಶಾದವನ ಫೋನಿಂದ. ನಿಮ್ಗ್ ಬರ್ಲಿಲ್ಯಾ?"

ಬುಧವಾರ. ಮಧ್ಯಾಹ್ನ. ಒಡಿಶಾ.

"ಬಂದಿತ್ತ್ ಅಕ್ಕಾ" ಅಂದೆ. ಅವರು ಚಹಾ ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಬಸ್ ಸ್ಟ್ಯಾಂಡಿನಲ್ಲೇ ನಿಂತು ಆ ನಂಬರನ್ನು ಬ್ಲಾಕಿನಿಂದ ತೆಗೆದೆ. ಫೋನ್ ಮಾಡಿದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮನೆಗೆ ಬಂದು ಮಾಡಿದೆ. ಹೊರಗಿದ್ದಾರೆ. ಮರುದಿನ ಎದ್ದ ಕೂಡಲೇ ಮಾಡಿದೆ. ಹೊರಗೇ ಇದ್ದಾರೆ.

ಜೀವಕ್ಕೆ ಅಪಾಯ ಇಲ್ಲ ಅಂತ ಗೊತ್ತಾಗಿತ್ತಲ್ಲ, ಮತ್ತೆ ಯಾಕೆ ಆ ಸಂಕಟ ಅಂತ ನೀವು ಕೇಳಬಹುದು. ಹೇಳುತ್ತೇನೆ. ಒಂಬತ್ತು ದಿನ ಕಾದು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಆ ಮನುಷ್ಯ ಕೇಳಿದ್ದು ಏನು? "ನೀವೂ ಬೇಡ, ನಿಮ್ಮ ಮಾತೂ ಬೇಡ." ಅದನ್ನೇ ಇಟ್ಟುಕೊಂಡು ಇನ್ನೂ ಒಂದು ವಾರ ಕಡಲಲ್ಲಿ ಇರಬೇಕು. ಹಾಗಲ್ಲ ಅಂತ ಹೇಳೋಣ ಅಂದರೆ ನನಗೆ ದಾರಿಯಿಲ್ಲ. ಇಷ್ಟು ವರ್ಷ ಒಬ್ಬಳೇ ಇದ್ದು ಅಭ್ಯಾಸ ಆಗಿದೆ ಅಂದುಕೊಂಡಿದ್ದೆ. ಆ ನಾಲ್ಕು ದಿನ ಮನೆ ತುಂಬಾ ದೊಡ್ಡದಾಯಿತು. ಒಬ್ಬಳಿಗೆ ಅನ್ನ ಇಡುವುದು ಕೂಡ ಬೇಡವಾಯಿತು. ಅವಲಕ್ಕಿ ನೆನೆಸಿ ತಿಂದೆ.

ಆ ನಾಲ್ಕು ದಿನ ಬಂದ ಒಂದು ಕಾಲನ್ನೂ ನಾನು ಬಿಡಲಿಲ್ಲ. ಮೊದಲ ರಿಂಗಿಗೇ ಎತ್ತಿದೆ. ಯಾರಿಗೂ ಬೈಯಲಿಲ್ಲ. ಎಣ್ಣೆ ಮಾರುವವಳ ಹತ್ತಿರ "ಬೇಡಮ್ಮ" ಅಂತ ಮೆತ್ತಗೆ ಹೇಳಿದೆ. ಸೋಮವಾರ ಮಧ್ಯಾಹ್ನ ಒಂದು ಹೆಣ್ಣು ದನಿ, "ನಮಸ್ಕಾರ, ಹೇಗಿದ್ದೀರಿ?" ಅಂತ ಕೇಳಿತು. ದನಿ ಎಷ್ಟು ಪ್ರೀತಿಯಿಂದ ಇತ್ತು ಅಂದರೆ ನಿಜವನ್ನೇ ಹೇಳಿಬಿಟ್ಟೆ. "ಅಷ್ಟೊಂದು ಚೆನ್ನಾಗಿಲ್ಲ" ಅಂದೆ. "ತುಂಬಾ ಸಂತೋಷ. ನಿಮಗಾಗಿ ಒಂದು ವಿಶೇಷ ಕೊಡುಗೆ ಇದೆ, ಹೆಚ್ಚಿನ ಮಾಹಿತಿಗಾಗಿ ಒಂದನ್ನು ಒತ್ತಿ" ಅಂದಿತು. ರೆಕಾರ್ಡ್ ಮಾಡಿದ ದನಿ.

ಆ ವಾರ ಹೇಗಿದ್ದೀರಿ ಅಂತ ನನ್ನನ್ನು ಕೇಳಿದ್ದು ಅದೊಂದೇ. (ಒಂದನ್ನು ಒತ್ತಲಿಲ್ಲ. ಆದರೆ ಕೂಡಲೇ ಕಟ್ ಕೂಡ ಮಾಡಲಿಲ್ಲ. ಕೊಡುಗೆ ಏನು ಅಂತ ಕೊನೆಯ ತನಕ ಕೇಳಿದೆ. ನಗಬೇಡಿ.)

ಬುಧವಾರ ಬೆಳಿಗ್ಗೆ ಅವರು ಬಂದರು. ಕೈಯಲ್ಲಿ ಮಾಮೂಲಿ ಮೀನಿನ ಚೀಲ. ಮಾಮೂಲಿ ಸ್ನಾನ.  ಬಂಗುಡೆ ಪುಳಿಮುಂಚಿ ಸಾರು ಮಾಡಿ ಬಡಿಸಿದೆ. ಎರಡನೇ ಸಲ ಅನ್ನ ಹಾಕುವಾಗ ಅವರೇ ಶುರು ಮಾಡಿದರು.

"ಅವತ್ತ್ ಯಾರಿಗ್ ಬೈದದ್ದ್?"

ಹೇಳಿದೆ. ಏಳು ಕಾಲಿನ ಕಥೆ, ಬ್ಲಾಕ್ ಮಾಡಿದ್ದು, ಬ್ರಹ್ಮಾವರಕ್ಕೆ ಓಡಿದ್ದು, ಎಲ್ಲ. ಹೇಳುತ್ತಾ ಅಳು ಬಂತು. ಅವರು ಊಟ ನಿಲ್ಲಿಸಿ ಕೇಳಿದರು.

"ನಾನ್ ಹಲೋ ಅಂದೆ ಮಾರಾಯ್ತಿ, ನಿಂಗ್ ಕೇಣ್ಲಿಲ್ಲ ಕಾಣತ್. ನೀನ್ ಪೇಪರಿನ ಕನ್ನಡದಂಗೆ ಬೈದೆ. ಫಸ್ಟಿಗೆ ಬೇರೆ ಯಾರ್ದೋ ಮನಿಗೆ ಹೋಯ್ತ್ ಅಂದ್ಕಂಡೆ."

ನಾನು ಅಳುತ್ತಲೇ ನಕ್ಕೆ. ಅವರು ನಗಲಿಲ್ಲ.

"ನಮ್ ಬದಿಯರ್ ಐದ್ ಜನ ಮಾಡಿತ್. ನಾಕ್ ಮನಿಯಗೆ ಎತ್ಲೇ ಇಲ್ಲ. ಹೊರಗಿನ ನಂಬರ್ ಎತ್ತಬ್ಯಾಡಿ ಅಂದೇಳಿ ಮಕ್ಕಳ್ ಹೇಳಿ ಕೊಟ್ಟಿದ್ವಂಬ್ರ್. ನೀನ್ ಬೈಯೂಕಾರೂ ಎತ್ತಿದೆ. ಸ್ವರ ಕೇಂಡಂಗಾಯ್ತ್."

ಬೈಗುಳ ಕೇಳಿಸಿಕೊಂಡವನೇ ಬೋಟಿನಲ್ಲಿ ಅದೃಷ್ಟವಂತ.  ದಿನಕ್ಕೆ ನೂರಾರು ಮನೆಗೆ ಕರೆ ಮಾಡಿ ಬೇಡದ್ದನ್ನು ಮಾರುವವರು ನಮ್ಮ ಹೊತ್ತು ಹಾಳು ಮಾಡುತ್ತಾರೆ ಅಂತ ಎಲ್ಲರೂ ದೂರುತ್ತಾರೆ. ಹೊತ್ತು ಹೋದರೆ ಹೋಗಲಿ, ನನ್ನ ಹತ್ತಿರ ಬೇಕಾದಷ್ಟಿದೆ. ಅವರು ನಮ್ಮಿಂದ ಕಿತ್ತುಕೊಂಡದ್ದು ಫೋನ್ ಎತ್ತುವ ಮನಸ್ಸನ್ನು. ನಾಲ್ಕು ಮನೆಯ ಆ ಹೆಂಗಸರು ಕೈಯಲ್ಲಿ ಫೋನ್ ಹಿಡಿದುಕೊಂಡೇ ಗಂಡನ ಫೋನಿಗೆ ಕಾದಿರಬೇಕು.

ಹೊರಡುವ ದಿನ ಅವರು ಒಂದು ಉಪಾಯ ಹೇಳಿದರು. "ಇನ್ನ್ ನೀನ್ ಎತ್ತುದೇ ಬ್ಯಾಡ. ಓಡುದೂ ಬ್ಯಾಡ. ನಾನ್ ಎರಡ್ ರಿಂಗ್ ಕೊಟ್ಟ್ ಕಟ್ ಮಾಡ್ತೆ. ಸಮ ಇದ್ದೆ ಅಂದೇಳಿ ತಿಳ್ಕೊ."

"ಮಾತ್ ಬ್ಯಾಡ್ದಾ?" ಅಂದೆ.

"ಬಂದ್ ಮೇಲೆ ಆಡುವ" ಅಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಒಪ್ಪಿಕೊಂಡೆ. ಮಾತು ಹೋದರೂ ನೆಮ್ಮದಿ ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಇವತ್ತಿಗೆ ಎಂಟು ದಿನ. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಗೊತ್ತಿಲ್ಲದ ಒಂದು ನಂಬರಿನಿಂದ ಎರಡು ರಿಂಗ್ ಆಗಿ ನಿಂತಿತು. ಲೈಬ್ರರಿಯಲ್ಲಿ ಒಬ್ಬಳೇ ನಕ್ಕೆ. ಊಟದ ಹೊತ್ತಿಗೆ ಬೇರೊಂದು ನಂಬರ್, ಎರಡೇ ರಿಂಗ್. ಸಂಜೆ ಮತ್ತೊಂದು, ಅದೂ ಎರಡೇ. ಈ ಮಾರುವವರ ಯಂತ್ರಗಳೂ ಹೀಗೆ ಎರಡು ರಿಂಗ್ ಕೊಟ್ಟು ತಾವೇ ಕಟ್ ಮಾಡುವುದುಂಟಂತೆ. ಮೂರಕ್ಕೂ ವಾಪಸ್ ಮಾಡಿ ನೋಡಿದೆ, ಒಂದೂ ಸಿಗಲಿಲ್ಲ.

ಈ ಮೂರರಲ್ಲಿ ನನ್ನ ಗಂಡ ಯಾವುದು, ಅಥವಾ ಒಂದೂ ಅಲ್ಲವಾ?