ಗೋಡೆ ಮುಗಿದಲ್ಲಿ ಸಮುದ್ರ

ಆಗೆಲ್ಲ ಭಾಲ್ಕಿಯ ನಮ್ಮ ಓಣಿಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ನೀರು ಅಂದರೆ ನಮಗೆ ಮಾಂಜ್ರಾ ನದಿ, ಅದೂ ಬೇಸಿಗೆಯಲ್ಲಿ ಮೊಣಕಾಲುದ್ದ. ನಾನು ಐದನೇ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಬಣ್ಣದ ಕಾಗದ ತಂದ. ಕಿಟಕಿಯ ತುಂಬ ಸಮುದ್ರ ಕಾಣುವ ಹೋಟೆಲಿನ ಚಿತ್ರ. ಅದನ್ನು ಅಪ್ಪನಿಗಿಂತ ಹೆಚ್ಚು ನೋಡಿದವಳು ಅವನ ತಾಯಿ, ನಮ್ಮ ಆಯಿ.

"ಸಾಯೋದ್ರೊಳಗ ಒಂದ್ ಸಲ ಅಷ್ಟು ನೀರಿನ ಮುಂದ ಕುಂತು ಲಿಂಗಪೂಜಿ ಮಾಡ್ಬೇಕು ನೋಡಪಾ," ಎಂದಳು. ಪೂಜೆಯಾಗದೆ ಆಯಿ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ.

ಅವ್ವ ಎರಡು ದಿನ ಕೂತು ಕಟಕ ರೊಟ್ಟಿ ಬಡಿದಳು. ನಂಚಿಕೊಳ್ಳಲು ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಆಯಿಯ ಕೌದಿ, ಪೂಜೆಗೆಂದು ಮನೆ ಬಾವಿಯ ನೀರು ತುಂಬಿದ ತಂಬಿಗೆ, ಎಲ್ಲವೂ ರೈಲು ಹತ್ತಿದವು.

ಹೋಟೆಲಿನ ಕಿಟಕಿ ತೆರೆದರೆ ಎದುರಿಗೆ ಪಾಚಿ ಹಿಡಿದ ಕಂಪೌಂಡು ಗೋಡೆ! ಸಮುದ್ರದ ಸದ್ದಷ್ಟೇ ನಮ್ಮ ಪಾಲಿಗೆ. "ಕಾಣೋ ಖೋಲಿ ಬ್ಯಾರೆ ಅವಂತ, ಅದಕ್ಕ ರೊಕ್ಕಾನೂ ಬ್ಯಾರೆ," ಎಂದು ಕೆಳಗೆ ಕೇಳಿಬಂದ ಅಪ್ಪ ಹೇಳಿದ. ಹಾಸಿಗೆಗೆ ತೊಯ್ದ ನಾಯಿಯ ನಾತ. ಆಯಿ ಅದನ್ನು ಮುಟ್ಟದೆ ನೆಲಕ್ಕೆ ಕೌದಿ ಹಾಸಿದಳು.

ಸಂಜೆ ಉಣ್ಣಲು ಕೂತಾಗ ಟವೆಲು ಕೊಡಲು ಕೆಲಸದವನು ಬಂದ. ದಪ್ಪ ಮೀಸೆಯ, ವಯಸ್ಸಾದ ಆಸಾಮಿ. ಉಣ್ಣುವಾಗ ಬಾಗಿಲಿಗೆ ಬಂದವರನ್ನು ಕರೆಯದೆ ಬಿಡುವುದು ನಮ್ಮ ಕಡೆ ರೂಢಿಯಲ್ಲಿಲ್ಲ. "ಬರ್ರಿ ಅಣ್ಣಾ, ಎರಡು ತುತ್ತು ಉಣ್ರಿ," ಎಂದಳು ಅವ್ವ. ಅವನು ಕೂತು ಮೂರು ರೊಟ್ಟಿ ಮುಗಿಸಿದ. ಹಿಂಡಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡ.

ಬೆಳಿಗ್ಗೆ ಚೀಟಿ ಬಂತು. ಹೊರಗಿನ ಊಟ ಒಳಗೆ ಮಾಡಿದ್ದಕ್ಕೆ ದಂಡ. ಬಿಸಿನೀರಿನ ಬಕೆಟ್ಟಿಗೆ ಇಷ್ಟು. ಆಯಿಯ ಹೆಚ್ಚುವರಿ ಹಾಸಿಗೆಗೆ ಇಷ್ಟು.

"ಯಾವ ಹಾಸಿಗಿರಿ? ನಮ್ಮವ್ವ ನೆಲದ ಮ್ಯಾಲ ಮಲಗ್ಯಾಳ!" ಎಂದ ಅಪ್ಪ.

"ಎಲ್ಲಿ ಮಲಗಿದರೂ ತಲೆ ಲೆಕ್ಕ ಸಾರ್," ಎಂದ ಮ್ಯಾನೇಜರು, ಕಣ್ಣೆತ್ತದೆ.

ಮೀಸೆಯವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. "ನಮ್ಮ ರೊಟ್ಟಿ ಹೊಟ್ಟ್ಯಾಗ ಇನ್ನಾ ಕರಗಿಲ್ಲ, ಚಾಡಿ ಹೇಳಾಕ ಲಗೂನೇ ಬಂದೀರಿ ನೋಡ್ರಿ," ಎಂದಳು ಅವ್ವ. ಅಷ್ಟಾದರೂ ಅವನು ಕ್ಯಾಲೆಂಡರು ಬಿಡಲಿಲ್ಲ.

ಆಯಿ ಸ್ನಾನ ಮುಗಿಸಿ, ತಂಬಿಗೆ ಹಿಡಿದು ಸಮುದ್ರಕ್ಕೆ ತೆರೆಯುವ ತೋಟದ ಗೇಟಿನ ಕಡೆ ಹೊರಟಿದ್ದಳು. "ಅಜ್ಜಿ, ಬೀಚಿನ ಗೇಟು ಸಮುದ್ರ ಕಾಣುವ ರೂಮಿನವರಿಗೆ ಮಾತ್ರ. ನೀವಾದರೆ ತಲೆಗೆ ಇಷ್ಟು ಕೊಡಬೇಕು," ಎಂದ ಮ್ಯಾನೇಜರು.

ಅಪ್ಪ ಕಿಸೆ ಮುಟ್ಟಿಕೊಂಡ. ಅದರಲ್ಲಿದ್ದುದು ಊರಿಗೆ ಮರಳುವ ಟಿಕೆಟಿನ ರೊಕ್ಕ. "ಅವ್ವಾ, ಖೋಲ್ಯಾಗೇ ಪೂಜಿ ಮಾಡು," ಎಂದ, ನೆಲ ನೋಡುತ್ತ. ಹಿಂದಿನ ರಾತ್ರಿಯಿಂದ ನೀರು ಕಾಣದ ಆಯಿಯ ತುಟಿ ಒಣಗಿತ್ತು.

"ನಿಮ್ಮ ಗ್ವಾಡಿ ಎಲ್ಲಿತನಾ ಅದರಿ?" ಆಯಿ ಮ್ಯಾನೇಜರನ್ನು ಕೇಳಿದಳು.

"ನಮ್ಮ ಜಾಗ ಇರುವವರೆಗೆ."

"ಸಮುದ್ರಾನೂ ಅಲ್ಲಿಗೇ ಮುಗೀತದೇನು?"

ಅವನು ಬಾಯಿ ತೆರೆಯುವಷ್ಟರಲ್ಲಿ ಆಯಿ ನನ್ನ ಕೈ ಹಿಡಿದು ಮುಂಬಾಗಿಲಿನಿಂದ ಹೊರಬಿದ್ದಳು. ಗೋಡೆಯ ಮೇಲೆ ಗಾಜಿನ ಚೂರು, ಕೆಳಗೆ ಹೋಟೆಲಿನ ಕೊಳಚೆ, ಮುಂದೆ ಒಣಮೀನಿನ ವಾಸನೆ. ಆಯಿ ಮೂಗಿಗೆ ಸೆರಗು ಹಿಡಿದಳು, ನಿಲ್ಲಲಿಲ್ಲ. ಹಿಂದೆ ಅಪ್ಪ, ಅವ್ವ, ರೊಟ್ಟಿ ಬುಟ್ಟಿ. ಒಂದು ಕಡೆ ಗೋಡೆ ಮುಗಿಯಿತು. ಅಲ್ಲಿ ಸಮುದ್ರವಿತ್ತು. ಗೇಟಿಲ್ಲ, ಚೀಟಿಯಿಲ್ಲ.

ಆಯಿ ಒದ್ದೆ ಉಸುಕಿನಲ್ಲಿ ಕೂತು, ಅಂಗೈಯಲ್ಲಿ ಲಿಂಗವಿಟ್ಟು, ಭಾಲ್ಕಿಯ ನೀರೆರೆದಳು. ಪೂಜೆ ಮುಗಿಸಿ ಒಂದು ಗುಟುಕು ಕುಡಿದು, ರೊಟ್ಟಿ ಮುರಿದು ಅಪ್ಪನಿಗೆ ಹೇಳಿದಳು: "ಇಲ್ಲಿ ತಿಂದ್ರ ದಂಡ ಎಷ್ಟಂತ ಕೇಳಿ ಬಾ ಹೋಗು." ಎರಡು ದಿನದಲ್ಲಿ ಅಪ್ಪ ನಕ್ಕದ್ದು ಆಗಲೇ.

ಮಳೆ ಬರಲಿಲ್ಲ, ಯಾರಿಗೂ ಜ್ವರ ಬರಲಿಲ್ಲ, ಆಯಿಯ ಆಸೆ ತೀರಿತು. ಶಿವ ಅಷ್ಟು ಕೊಟ್ಟ.

ಈಗ ನನ್ನ ಸಂಸಾರ ಬೀದರಿನಲ್ಲಿ. ಹೋದ ವರ್ಷ ನಾವೂ ಸಮುದ್ರಕ್ಕೆ ಹೋಗಿದ್ದೆವು. ಕಿಟಕಿಯಲ್ಲಿ ಸಮುದ್ರ ನಿಜವಾಗಿಯೂ ಕಾಣುತ್ತಿತ್ತು. ಕಾಲಿಗಂಟಿದ ಉಸುಕು ಒಳಗೆ ಬಂದದ್ದಕ್ಕೂ ರೊಕ್ಕ ಕೇಳಿದರು, ನಾಚಿಕೆಗೇಡಿಗಳು. ನಮ್ಮವರು ಮಾತಾಡದೆ ಕೊಟ್ಟರು. ನಾವು ಉಣ್ಣುವಾಗ ಟವೆಲು ಹಿಡಿದು ಒಬ್ಬ ಹೆಂಗಸು ಬಂದಿದ್ದಳು. ಬಿಸಿಲಲ್ಲಿ ದಣಿದ ಮುಖ. ನಾನು ಹಿಂಡಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅರ್ಧ ಬಾಗಿಲು ತೆರೆದು, ಟವೆಲು ಇಸಿದುಕೊಂಡೆ. ಉಣ್ಣು ಬಾ ಅನ್ನಲಿಲ್ಲ.