ನಿಪ್ಪಾಣಿಯ ಗಾಳಿ, ಅಂಕೋಲೆಯ ಕೋಣೆ

ನಿಪ್ಪಾಣಿಗೆ ಬಂದ ಮರುದಿನ ಬೆಳಿಗ್ಗೆ ನಾನು ಹನ್ನೊಂದು ಸಲ ಸೀನಿದೆ. ಎಣಿಸಿದ್ದು ನಾನಲ್ಲ, ಮನೆಯ ಒಡತಿ ಶಕೀಲಾ ಭಾಭಿ. ಅಂಗಳದಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಅವರು ತಲೆ ಎತ್ತದೆಯೇ ಹೇಳಿದರು: "ಸೀನ್ರಿ ಸರ್, ಸೀನ್ರಿ. ಹೊಸಬ್ರೆಲ್ಲಾ ಸೀನತಾರ. ಮೂರ್ ತಿಂಗಳಾದ್ರ ಊರು ನಿಮ್ಮನ್ನ ಒಳಗ ತಗೋತೈತಿ."

ಅಂಕೋಲೆಯಲ್ಲಿ ಕೂತು ಇದನ್ನು ಓದುವ ನಿಮಗೆ ಈ ಊರಿನ ವಾಸನೆಯನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಒಣಮೀನಿನ ನಾತ ಇದೆ, ಒಪ್ಪಿದೆ. ಆದರೆ ಕಡಲ ಗಾಳಿ ಒಂದು ಸಲ ಬೀಸಿದರೆ ಅದು ಹೋಗುತ್ತದೆ. ಇಲ್ಲಿ ಗಾಳಿಯೇ ನಾತವನ್ನು ಹೊತ್ತು ತರುತ್ತದೆ. ನಮ್ಮ ಹಿತ್ತಿಲ ಗೋಡೆಯ ಆಚೆ ಒಂದು ವಖಾರ ಇದೆ. ವಖಾರ ಅಂದರೆ ಇಲ್ಲಿಯವರ ಮರಾಠಿಯಲ್ಲಿ ಗೋದಾಮು. ಅಲ್ಲಿ ತಂಬಾಕನ್ನು ಕುಟ್ಟಿ ಜರಡಿ ಹಿಡಿಯುತ್ತಾರೆ. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಘಾಟು.

ಇಂಥ ಮನೆಯನ್ನು ಯಾಕೆ ಹಿಡಿದೆ ಎಂದು ಕೇಳಬೇಡಿ. ಮೀನು ತಿನ್ನುವವರೆಂದು ಮೂರು ಮನೆಯವರು ನಮ್ಮನ್ನು ಬಾಗಿಲಿನಿಂದಲೇ ಕಳಿಸಿದ್ದರು. ಶಕೀಲಾ ಭಾಭಿ ಮಾತ್ರ ನಕ್ಕು, "ನೀವು ಮೀನ ತಿನ್ರಿ, ನಾವು ಧೂಳ ತಿಂತೇವಿ. ಬರ್ರಿ" ಎಂದು ಬೀಗದ ಕೈ ಕೊಟ್ಟರು.

ನನಗೆ ಶಾಲೆಯಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಹೊತ್ತು ಹೋಗುವುದು ಕಷ್ಟವಲ್ಲ. ನನ್ನ ಹೆಂಡತಿ ಸುಮಿತ್ರಾಳಿಗೆ ಏನೂ ಇರಲಿಲ್ಲ. ಓಣಿಯಲ್ಲಿ ಅರ್ಧ ಮಾತು ಮರಾಠಿ, ಉಳಿದರ್ಧ ಅವಳಿಗೆ ಅರ್ಥವಾಗದ ಕನ್ನಡ. ಮೊದಲ ತಿಂಗಳು ಅವಳು ಗೋಡೆ ನೋಡಿಕೊಂಡು ಅತ್ತಳು. ಎರಡನೆಯ ತಿಂಗಳು ಭಾಭಿಯ ಪಕ್ಕ ಹೋಗಿ ಕೂತಳು. ಸುಮ್ಮನೆ ಕೂತವಳ ಕೈಗೆ ಅವರು ಕತ್ತರಿ ಕೊಟ್ಟರು. ಬೀಡಿ ಎಲೆ ಕತ್ತರಿಸುವುದು, ತಂಬಾಕು ತುಂಬುವುದು, ದಾರ ಸುತ್ತುವುದು ಎಲ್ಲವನ್ನೂ ಕಲಿತಳು. ಜೊತೆಗೆ ಮರಾಠಿಯನ್ನೂ ನನಗಿಂತ ಮೊದಲೇ ಕಲಿತು, ತರಕಾರಿಯವನೊಂದಿಗೆ ಜಗಳವಾಡಿ ಗೆದ್ದು ಬಂದಳು. ಅವಳ ನಗು ನನಗೆ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಅಂತೂ ಇವಳಿಗೆ ಜನ ಸಿಕ್ಕರು ಎಂದು ನಾನು ನಿಶ್ಚಿಂತನಾದೆ. ಅಷ್ಟರಲ್ಲಿ ನನ್ನ ಸೀನೂ ನಿಂತಿತ್ತು.

ಈ ಅಂಗಳಕ್ಕೊಂದು ರೂಢಿಯಿದೆ. ಕೆಲಸ ಮುಗಿಸಿ ಏಳುವಾಗ ಪ್ರತಿ ಹೆಂಗಸೂ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ. ಒಳಗೆ ಹೋದ ಧೂಳನ್ನೆಲ್ಲ ಬೆಲ್ಲ ತೊಳೆದುಕೊಂಡು ಹೋಗುತ್ತದೆಂದು ನಂಬಿಕೆ. ಭಾಭಿಯ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ. ನಾನು ದೀಪಾವಳಿಗೆ ಊರಿಗೆ ಬಂದಾಗ ಒಂದು ಡಬ್ಬಿ ಜೋನಿ ಬೆಲ್ಲ, ನಮ್ಮ ಕಡೆಯ ನೀರುಬೆಲ್ಲ, ಒಯ್ದೆ. ಅಂಗಳದವರೆಲ್ಲ ಬೆರಳಲ್ಲಿ ನೆಕ್ಕಿ ಹೊಗಳಿದರು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು, ಉಬ್ಬಿಹೋದೆ.

ಸುಮಿತ್ರಾ ಕೆಮ್ಮತೊಡಗಿದಾಗ ನಾವು ಮಾಡಿದ್ದೂ ಅದನ್ನೇ. ಒಂದು ಚಮಚ ಬೆಲ್ಲ ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಬಾವಿಯಿಂದ ಕೊಡ ತರುವಾಗ ನಡುವೆ ನಿಲ್ಲತೊಡಗಿದಳು. ಮಲಗಿದರೆ ಎದೆಯಲ್ಲಿ ಸಿಳ್ಳೆ. ನಾನು ಡಬ್ಬಿ ಖಾಲಿಯಾದಾಗ ಊರಿಗೆ ಫೋನು ಮಾಡಿ ಇನ್ನೊಂದು ತರಿಸಿದೆ. ಅದೇ ವಾರ ಒಂಬತ್ತನೆಯ ತರಗತಿಗೆ ವಾಯುಮಾಲಿನ್ಯದ ಪಾಠ ಮಾಡಿದ್ದೆ. ಹಲಗೆಯ ಮೇಲೆ ಶ್ವಾಸಕೋಶ ಬರೆದು, ಸೂಕ್ಷ್ಮ ಕಣಗಳು ಎಲ್ಲಿಗೆ ಹೋಗಿ ಕೂರುತ್ತವೆಂದು ಬಾಣದ ಗುರುತು ಹಾಕಿ ತೋರಿಸಿದ್ದೆ. ಹೊಟ್ಟೆಗೆ ಹೋದ ಬೆಲ್ಲ ಅಲ್ಲಿಗೆ ತಲುಪುವುದಿಲ್ಲ ಎಂಬುದು ಗೊತ್ತಿಲ್ಲದವನಲ್ಲ ನಾನು. ಇಂಥ ದಡ್ಡನಿಗೆ ಸರಕಾರ ಸಂಬಳ ಕೊಡುತ್ತದೆ.

ಕೊನೆಗೆ ಕೊಲ್ಹಾಪುರಕ್ಕೆ ಕರೆದೊಯ್ದೆ. ಡಾಕ್ಟರು ಎದೆಯ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಸುಮಿತ್ರಾಳನ್ನೇ ನೋಡುತ್ತ ಮರಾಠಿಯಲ್ಲಿ ಕೇಳಿದರು, "ದಿವಸಾಲಾ ಕಿತೀ ವಿಡ್ಯಾ ಓಢತಾ?" ದಿನಕ್ಕೆ ಎಷ್ಟು ಬೀಡಿ ಸೇದುತ್ತೀರಿ ಎಂದು. ಅವಳಿಗೆ ಪ್ರಶ್ನೆ ಪೂರ್ತಿ ಅರ್ಥವಾಯಿತು. ನನಗೆ ಅವಳ ಮುಖ ನೋಡಲಾಗಲಿಲ್ಲ. ಹೋದಷ್ಟು ಉಸಿರು ಹೋಯಿತು, ಉಳಿದದ್ದು ಬೇಕಿದ್ದರೆ ಆ ಗಾಳಿ ಬಿಡಿಸಿ ಎಂದರು ಡಾಕ್ಟರು.

ಅವಳನ್ನು ಅಂಕೋಲೆಗೆ, ನಮ್ಮ ಅಣ್ಣನ ಮನೆಗೆ ಬಿಟ್ಟು ಬಂದೆ. ನನ್ನ ವರ್ಗಾವಣೆ ಇನ್ನೂ ಆಗಿಲ್ಲ. ನಿಪ್ಪಾಣಿಯಿಂದ ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ಅಲ್ಲಿ ಉಸಿರಾಡ್ತೆ, ಸರಿ. ಮಾತಾಡೋದು ಯಾರ ಹತ್ರ?" ಇಲ್ಲಿ ನಾನು ಒಬ್ಬನೇ ಅನ್ನ ಬೇಯಿಸಿಕೊಂಡು ಅಂಕೋಲೆಯ ದಾರಿ ಕಾಯುತ್ತೇನೆ. ಅಲ್ಲಿ ಅವಳು ಮರಾಠಿ ಮರೆತೀತೆಂದು ಒಬ್ಬಳೇ ಗೊಣಗಿಕೊಳ್ಳುತ್ತಾಳಂತೆ.

ನಾಲ್ಕು ತಿಂಗಳಾದ ಮೇಲೆ ಅವಳ ಫೋನು ಬಂತು. ಮೀನುಪೇಟೆಗೆ ಎಲ್ಲೂ ನಿಲ್ಲದೆ ನಡೆದುಹೋಗಿ ಬಂದಳಂತೆ. ಓಡಿಹೋಗಿ ಭಾಭಿಗೆ ಹೇಳಿದೆ. ಅವರು ಖುಷಿಯಿಂದ ನಕ್ಕರು. ನಗು ಕೆಮ್ಮಿಗೆ ತಿರುಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ ದನಿ ಇಳಿಸಿ ಕೇಳಿದರು.

"ಸರ್, ನಿಮ್ಮೂರಾಗ ಒಂದು ಖೋಲಿ ಸಿಗ್ತೈತೇನ್ರಿ? ನನಗಲ್ರಿ, ನಸೀಮಾಗ. ಹೆರಿಗಿ ಆಗೂತನಕ ಅಷ್ಟ."

ನಸೀಮಾ ಅವರ ಸೊಸೆ, ಮುಗಳಖೋಡದಿಂದ ಹೋದ ವರ್ಷ ಮದುವೆಯಾಗಿ ಬಂದವಳು. ಸುಮಿತ್ರಾ ಕೂರುತ್ತಿದ್ದ ಜಾಗದಲ್ಲಿ ಈಗ ಅವಳು ಆರು ತಿಂಗಳ ಬಸುರಿ ಹೊಟ್ಟೆಯ ಮುಂದೆ ಮೊರ ಇಟ್ಟುಕೊಂಡು ಕೂರುತ್ತಾಳೆ. ಅವಳಿಗೂ ಕೆಮ್ಮು ಹತ್ತಿದೆ.

"ಕೇಳ್ತೇನೆ ಭಾಭಿ" ಎಂದೆ. ಅಣ್ಣನಿಗೆ ಫೋನು ಮಾಡಿ ಕೇಳಿಯೂ ಕೇಳಿದೆ. ಅಣ್ಣನ ಮನೆಯ ಹಿಂದೆ ಸಮುದ್ರದ ಕಡೆಗೆ ಎರಡು ಕಿಟಕಿಯ ಒಂದು ಕೋಣೆಯಿದೆ, ಯಾರೂ ಇಲ್ಲ, ತೆಂಗಿನಕಾಯಿ ರಾಶಿ ಹಾಕುತ್ತಾರೆ. ಅಣ್ಣ ಮೊದಲು "ಬರಲಿ, ಅದಕ್ಕೇನು" ಎಂದ. ಆಮೇಲೆ ಹೆಸರು ಕೇಳಿದ. ಹೇಳಿದೆ. "ದೇವರ ಕೋಣೆಗೂ ಅದಕ್ಕೂ ಒಂದೇ ಗೋಡೆ ಮಾರಾಯ. ಅದು ಬ್ಯಾಡ." ನಾನು ಜಗಳವಾಡಲಿಲ್ಲ. ಸುಮಿತ್ರಾ ಅವನ ಮನೆಯಲ್ಲೇ ಇದ್ದಾಳಲ್ಲ, ಅವಳ ಉಸಿರಿನ ಚಿಂತೆ ನನಗೆ.

ಖಾಲಿ ಇಲ್ಲವಂತೆ ಎಂದೆ ಭಾಭಿಗೆ. "ಇರ್ಲಿ ಬಿಡ್ರಿ ಸರ್, ಕೇಳಿದ್ರಲ್ಲಾ" ಎಂದು ಅವರು ಬೀಡಿಯ ಕಡೆ ತಿರುಗಿದರು.

ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಣ್ಣ ಆ ಕೋಣೆಯ ರಾಶಿಯಿಂದ ಹತ್ತು ಕಾಯಿ ಸುಲಿದು ಚೀಲಕ್ಕೆ ತುಂಬಿದ. ಬೇಡವೆನ್ನಲಿಲ್ಲ. ನಿಪ್ಪಾಣಿಗೆ ಮರಳಿ ಐದನ್ನು ಭಾಭಿಗೆ ಕೊಟ್ಟೆ. ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ನಸೀಮಾಳನ್ನು ಕರೆದು ಅವಳ ಮಡಿಲಲ್ಲಿಟ್ಟರು.

"ಛಲೋ ಕಾಯಿ ಅದಾವ್ರಿ ಸರ್. ಒಂದೂ ಕೆಟ್ಟಿಲ್ಲ. ಗಾಳಿ ಆಡೂ ಜಾಗಾದಾಗ ಇಟ್ಟಿರಬೇಕು ನಿಮ್ಮವರು."

ಹೌದು ಎಂದೆ.