ಕರೆಂಟು ಹೋದ ಹೊತ್ತಿನ ಪಾಠ

ರಾಯದುರ್ಗದ ನಮ್ಮ ಕನ್ನಡ ಶಾಲೆಗೆ ಕರೆಂಟು ಹೋದಾಗ ಮಕ್ಕಳು ಬರುತ್ತಿದ್ದರು, ಕರೆಂಟು ಬಂದಾಗ ಮನೆಗೆ ಓಡುತ್ತಿದ್ದರು. ವಿಜ್ಞಾನದ ಟೀಚರಾಗಿ ಅಲ್ಲಿಗೆ ಹೋದ ಹೊಸತರಲ್ಲಿ ನನಗೆ ಇದು ಅರ್ಥವಾಗಿರಲಿಲ್ಲ. ಹಾಜರಿ ಕರೆಯುವಾಗ ಅರ್ಧ ತರಗತಿ ಖಾಲಿ ಇರುತ್ತಿತ್ತು. ಪಾಠದ ನಡುವೆ ತಲೆಯ ಮೇಲಿನ ಫ್ಯಾನು ನಿಂತಿತೋ, ಸ್ವಲ್ಪ ಹೊತ್ತಿಗೆ ನಾಲ್ಕೈದು ಮಕ್ಕಳು ಚೀಲ ತೂಗಾಡಿಸಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

ಹೆಡ್‌ಮಾಸ್ಟರು ವಿವರಿಸಿದರು. ಶಾಲೆಯ ಸುತ್ತಲಿನ ಓಣಿಗಳಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವ ಮಷಿನುಗಳು. ಕರೆಂಟು ಇರುವಷ್ಟು ಹೊತ್ತು ದೊಡ್ಡವರು ಹೊಲಿಯಬೇಕು, ಮಕ್ಕಳು ಪಕ್ಕದಲ್ಲಿ ಕೂತು ಹೊಲಿಗೆಯ ತುದಿಯ ದಾರ ಕತ್ತರಿಸಬೇಕು, ಪ್ಯಾಂಟು ಮಡಚಿ ಕಟ್ಟು ಕಟ್ಟಬೇಕು. ಕರೆಂಟು ಹೋದರೆ ಎಲ್ಲರಿಗೂ ಬಿಡುವು. "ಕೋತ ಇದ್ದಾಗ ನಿಮ್ ಪಾಠ ಮುಗಿಸ್ಕೊಳ್ರಿ ಟೀಚರ್. ಬ್ಯಾರೆ ದಾರಿ ಇಲ್ಲ," ಎಂದರು. ಕರೆಂಟು ಕಡಿತವನ್ನು ಗಡಿಯಾಚೆಯ ಆ ಊರಲ್ಲಿ ಕನ್ನಡದವರೂ ತೆಲುಗಿನ ಹೆಸರಿನಿಂದಲೇ ಕರೆಯುತ್ತಿದ್ದರು.

ಹೀಗಾಗಿ ವಿದ್ಯುತ್ತಿನ ಪಾಠವನ್ನು ನಾನು ವಿದ್ಯುತ್ತು ಇಲ್ಲದ ಹೊತ್ತಿನಲ್ಲೇ ಮಾಡಿದೆ.

ನನ್ನದು ಮಡಕಶಿರಾ ಕಡೆ. ಗಂಡ, ಅತ್ತೆ, ಹಿಪ್ಪುನೇರಳೆ ತೋಟ ಎಲ್ಲ ಅಲ್ಲಿ. ರಾಯದುರ್ಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಬಸ್ಸು ಬದಲಿಸುತ್ತ ಊರು ಸೇರಿ, ಭಾನುವಾರವೆಲ್ಲ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಸೋಮವಾರ ನಸುಕಿಗೆ ಹೊರಟು ನೇರ ಶಾಲೆಗೆ ಬರುತ್ತಿದ್ದೆ. ಕೋಣೆಯ ಗೋಡೆಯಾಚೆಗೂ ಮಷಿನುಗಳೇ. ಆ ವರ್ಷಗಳು ಹೇಗಿದ್ದವು ಎಂದು ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ನಿದ್ದೆಗೆಟ್ಟ ಕಣ್ಣಿನ ಉರಿ.

ಆ ಪಾಠ ಮಾಡಿದ ವರ್ಷದ ನಡುವೆ ಏಳನೇ ತರಗತಿಗೆ ಒಬ್ಬ ಹುಡುಗಿ ಸೇರಿದಳು. ನಮ್ಮ ಮಡಕಶಿರಾ ಕಡೆಯ ರತ್ನಗಿರಿ ಹತ್ತಿರದ ಹಳ್ಳಿಯವಳು. ಊರಲ್ಲಿ ಅವರಿಗೆ ಕುರಿ, ಒಂದಿಷ್ಟು ಕಡಲೆಕಾಯಿ ಹೊಲ ಇತ್ತು. ಅವಳ ಸೋದರಮಾವ ರಾಯದುರ್ಗದಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದವನು ಇವರನ್ನೂ ಕರೆಸಿಕೊಂಡಿದ್ದ. ಅಪ್ಪ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ, ಅಮ್ಮ ಜೇಬು ಕೂರಿಸುತ್ತಿದ್ದಳು. ಹುಡುಗಿ 'ಬತ್ತೀನಿ', 'ಓಗ್ತೀನಿ' ಅಂದರೆ ಉಳಿದ ಮಕ್ಕಳು ಮುಸಿಮುಸಿ ನಗುತ್ತಿದ್ದರು. ನನಗೆ ಮಾತ್ರ ಅದು ನಮ್ಮ ಮನೆಯ ಮಾತು. ಅವಳು ಬಾಯಿ ಬಿಟ್ಟಾಗಲೆಲ್ಲ ಊರಲ್ಲಿ ಬಸ್ಸು ಇಳಿದ ಹಾಗಾಗುತ್ತಿತ್ತು.

ವಿದ್ಯುತ್ತಿನ ಪಾಠದಲ್ಲಿ ಮೊದಲು ಸೆಲ್ಲು, ತಂತಿ, ಬಲ್ಬು. ಆಮೇಲೆ ಮಂಡಲದ ಶಿಕ್ಷಣ ಆಫೀಸಿನಿಂದ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಸ್ಲೇಟಿನಷ್ಟಗಲದ ಸೋಲಾರ್ ಹಲಗೆ, ಬೆರಳುದ್ದದ ಫ್ಯಾನು ಇದ್ದವು. ಅಂಗಳದಲ್ಲಿ ಬಿಸಿಲಿಗೆ ಹಿಡಿದರೆ ಫ್ಯಾನು ಗಿರ್ರನೆ ತಿರುಗಿತು. ಅಂಗೈ ಅಡ್ಡ ಹಿಡಿದರೆ ನಿಂತಿತು. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಕೈ ಅಡ್ಡ ಹಿಡಿದು, ತೆಗೆದು ನೋಡಿದರು. ಆ ಹುಡುಗಿ ತನ್ನ ಸರದಿ ಮುಗಿದ ಮೇಲೂ ಅಲ್ಲೇ ನಿಂತು, ಇದು ತನ್ನಮ್ಮನ ಮಷಿನು ತಿರುಗಿಸುತ್ತದೆಯೇ ಎಂದು ಕೇಳಿದಳು. ಅದಕ್ಕೆ ಮಾಳಿಗೆ ತುಂಬ ಇಂಥ ಹಲಗೆಗಳು ಬೇಕು ಎಂದೆ. ತಾವಿರುವುದು ತಗಡಿನ ಮನೆ ಎಂದು ಹೇಳಿ ಅವಳು ಸಾಲಿಗೆ ಹೋದಳು.

ಮಾರನೆಯ ದಿನ ಹೆಡ್‌ಮಾಸ್ಟರರ ಹಳೆಯ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮಕ್ಕಳಿಂದ ಪೆಡಲ್ ತುಳಿಸಿ, ಡೈನಮೊದಿಂದ ದೀಪ ಹತ್ತಿಸಿ ತೋರಿಸಿದೆ. ಗಾಳಿ, ಬಿಸಿಲು, ಹರಿಯುವ ನೀರು ಇವೆಲ್ಲ ಕಲ್ಲಿದ್ದಲಿನ ಹಾಗೆ ಮುಗಿದುಹೋಗುವುದಿಲ್ಲ, ಬಳಸಿದಷ್ಟೂ ಮತ್ತೆ ಬರುತ್ತವೆ, ಅದಕ್ಕೇ ಇವನ್ನು ನವೀಕರಿಸಬಹುದಾದ ಶಕ್ತಿ ಎನ್ನುತ್ತಾರೆ ಎಂದು ಹೇಳಿ, ಇನ್ನೂ ಯಾವುದಾದರೂ ಹೊಳೆಯುತ್ತದೆಯೇ ಎಂದು ಕೇಳಿದೆ. ಒಬ್ಬ ಸಗಣಿ ಗ್ಯಾಸು ಎಂದ. ಸರಿ ಎಂದೆ. ಆ ಹುಡುಗಿ ಎದ್ದು ನಿಂತಳು.

"ನಮ್ಮಮ್ಮ ದಿನಾ ಸುಸ್ತಾಗಿ ಬಿದ್ಕಂತಾಳೆ ಟೀಚರ್. ಬೆಳಗ್ಗೆ ಮತ್ತೆ ಎದ್ದು ಕೂತ್ಕಂತಾಳೆ. ಅದೂ ಇದ್ರಾಗೆ ಬತ್ತೈತಾ?"

ತರಗತಿ ನಕ್ಕಿತು. ಅವಳು ತಮಾಷೆಗೆ ಕೇಳಿರಲಿಲ್ಲ. ಮನುಷ್ಯರ ಮೈಯಲ್ಲಿರುವುದೂ ಶಕ್ತಿಯೇ, ಅದು ಊಟದಿಂದ ಬರುತ್ತದೆ, ಊಟ ಬಿಸಿಲಿನಿಂದ ಬರುತ್ತದೆ ಎಂದು ಏನೋ ಹೇಳಿದೆ. ಅದನ್ನು ಆ ಶಕ್ತಿಗಳ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಮಾತ್ರ ಹೇಳಲಿಲ್ಲ. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ತಿರುಗತೊಡಗಿತು, ಹಿಂದಿನ ಬೆಂಚುಗಳು ಖಾಲಿಯಾದವು.

ಊರಾಚೆಯ ಗುಡ್ಡದ ಮೇಲೆ ಗಾಳಿಯಂತ್ರಗಳಿದ್ದವು. ಮಕ್ಕಳು ಅವನ್ನು ದಿನಾ ದೂರದಿಂದ ನೋಡುತ್ತಿದ್ದರು, ಹತ್ತಿರ ಹೋದವರು ಯಾರೂ ಇರಲಿಲ್ಲ. ಹೆಡ್‌ಮಾಸ್ಟರು ಅವನ್ನು ತೋರಿಸಲು ಪರಿಚಯದವರ ಟ್ರ್ಯಾಕ್ಟರು ಗೊತ್ತುಮಾಡಿದರು. ಹಿಂದಿನ ಸಂಜೆ ನಾನು ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದೆ. ಒಬ್ಬರೂ ಬೇಡ ಎನ್ನಲಿಲ್ಲ, ಒಬ್ಬರೂ ಮಷಿನು ನಿಲ್ಲಿಸಲೂ ಇಲ್ಲ. ಹುಡುಗಿಯ ಅಮ್ಮ ನನಗಿಂತ ಚಿಕ್ಕವಳು, ನೋಡಲು ದೊಡ್ಡವಳ ಹಾಗಿದ್ದಳು. ನೀಲಿ ಬಣ್ಣ ಅವಳ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಕರೆದುಕೊಂಡು ಹೋಗಿ, ಮಧ್ಯಾಹ್ನ ಕರೆಂಟು ಬರುವ ಹೊತ್ತಿಗೆ ಬಂದುಬಿಡಲಿ, ನಾಳೆಯೇ ಮಾಲು ಕೊಡಬೇಕು ಎಂದಳು.

ಮೇಲೆ ಹೋದಾಗ ಕಾವಲುಗಾರ ಬೇಲಿಯೊಳಗೆ ಬಿಡಲಿಲ್ಲ. ಹೊರಗಿನಿಂದಲೇ ನೋಡಲು ಹೇಳಿದ. ನೋಡಲು ಏನೂ ಇರಲಿಲ್ಲ. ಗಾಳಿ ಪೂರ್ತಿ ಬಿದ್ದುಹೋಗಿ ರೆಕ್ಕೆಗಳು ಅಲ್ಲಾಡದೆ ನಿಂತಿದ್ದವು. ಮಕ್ಕಳು ಕತ್ತೆತ್ತಿ ನೋಡಿದರು, ಕತ್ತು ನೋಯುವ ತನಕ ಕಾದರು. ಆಮೇಲೆ ಕಂಬದ ನೆರಳು ಬೇಲಿಯ ಹೊರಗೆ ಬಿದ್ದ ಕಡೆ ಸಾಲಾಗಿ ಕೂತು ಒಗ್ಗರಣೆ ಮಂಡಕ್ಕಿ ತಿಂದರು. ತಿಂದವರು ಒಬ್ಬೊಬ್ಬರಾಗಿ ಅಲ್ಲೇ ಅಡ್ಡಾದರು. ನಾನು ರೆಕ್ಕೆಯೊಳಗೆ ಏನಿರುತ್ತದೆ ಎಂದು ಹೇಳುತ್ತಲೇ ಇದ್ದೆ. ತಿರುಗಿ ನೋಡಿದರೆ ಹೆಚ್ಚುಕಡಿಮೆ ಇಡೀ ತರಗತಿ ನೆರಳಿನುದ್ದಕ್ಕೂ ಮಲಗಿತ್ತು.

"ಮಲಗಲಿ ಬಿಡ್ರಿ ಟೀಚರ್," ಎಂದರು ಹೆಡ್‌ಮಾಸ್ಟರು. ಅವರೂ ಟವೆಲು ಹಾಸಿಕೊಂಡರು.

ಎಚ್ಚರವಿದ್ದದ್ದು ನಾನು, ಆ ಹುಡುಗಿ. ಎಷ್ಟು ಹೊತ್ತು ಕಳೆಯಿತೋ, ಕಣಿವೆಯ ಕಡೆಯಿಂದ ಗಾಳಿ ಎದ್ದಿತು. ಮೊದಲು ಒಣಹುಲ್ಲು ಆಡಿತು. ಆಮೇಲೆ ಮೇಲೆ ಏನೋ ನರಳಿದ ಸದ್ದಾಗಿ ರೆಕ್ಕೆಗಳು ನಿಧಾನಕ್ಕೆ ಕದಲಿದವು. ಅವುಗಳ ನೆರಳು ಮಲಗಿದ ಮಕ್ಕಳ ಮೇಲೆ ಹಾದುಹೋಗತೊಡಗಿತು. ಹುಡುಗಿ ಅದನ್ನೇ ನೋಡುತ್ತಿದ್ದಳು.

"ಈಗ ನಮ್ಮನೇಗೆ ಕರೆಂಟ್ ಬಂದಿರ್ತೈತಾ ಟೀಚರ್?"

ಹಾಗಲ್ಲ ಎಂದು ವಿವರಿಸಿದೆ. ಇಲ್ಲಿ ಹುಟ್ಟಿದ್ದು, ಬೇರೆಲ್ಲೋ ಹುಟ್ಟಿದ್ದು ಎಲ್ಲ ಒಂದೇ ಲೈನಿಗೆ ಸೇರುತ್ತದೆ. ಬೊಮ್ಮನಹಾಳ್ ಕಡೆ ಕಾಲುವೆ ನೋಡಿದ್ದೀಯಲ್ಲ, ಅದಕ್ಕೆ ಎಷ್ಟು ಕಡೆಯ ನೀರು ಸೇರಿದರೂ ತೂಬು ಎತ್ತಿದ ಗದ್ದೆಗೇ ನೀರು. ಯಾವ ಓಣಿಗೆ ಯಾವಾಗ ಬಿಡಬೇಕು ಎನ್ನುವುದನ್ನು ಬೇರೆಯವರು ನಿರ್ಧರಿಸುತ್ತಾರೆ.

"ಅಂಗಾರೆ ಇದು ತಿರುಗಿದ್ರೂ ನಮಗೆ ಬತ್ತೈತೆ ಅಂತ ಏನಿಲ್ಲ."

"ಏನಿಲ್ಲ."

ಎಲ್ಲರನ್ನೂ ಎಬ್ಬಿಸಲೇ ಎಂದು ಕೇಳಿದಳು. ನೋಡಲೆಂದೇ ಬಂದದ್ದು, ಎಬ್ಬಿಸಬೇಕಿತ್ತು. ಸ್ವಲ್ಪ ಹೊತ್ತು ಇರಲಿ ಎಂದೆ. ಅವಳು ತಲೆಯಾಡಿಸಿ ತಾನೂ ಚೀಲದ ಮೇಲೆ ತಲೆಯಿಟ್ಟಳು. ನಾನು ಬೇಲಿಯ ಕಲ್ಲಿಗೆ ಒರಗಿ ರೆಕ್ಕೆಗಳ ಸದ್ದು ಕೇಳುತ್ತ ಕೂತೆ. ಬಹಳ ದಿನಗಳ ಮೇಲೆ ಹೊಲಿಗೆ ಮಷಿನಿನದಲ್ಲದ ಸದ್ದು.

ವಾಪಸು ಬರುವಾಗ ತಡವಾಗಿತ್ತು. ಓಣಿಯಲ್ಲಿ ಕರೆಂಟು ಬಂದು ಎಷ್ಟೋ ಹೊತ್ತಾಗಿತ್ತು, ಎಲ್ಲ ಮನೆಗಳೂ ಗುಡುಗುಡು ಎನ್ನುತ್ತಿದ್ದವು. ಹುಡುಗಿಯ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬೈಯುವಷ್ಟೂ ತ್ರಾಣವಿದ್ದಂತೆ ಕಾಣಲಿಲ್ಲ. ಏನು ನೋಡಿದಿರಿ ಎಂದು ಕೇಳಿದಳು. ಹೋದಾಗ ಗಾಳಿಯಂತ್ರ ನಿಂತಿತ್ತು, ಮಕ್ಕಳು ಬಹಳ ಹೊತ್ತು ನಿದ್ದೆ ಮಾಡಿದರು, ಅದಕ್ಕೇ ತಡವಾಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವಳು ಮಗಳ ಕೂದಲಿಗೆ ಅಂಟಿದ್ದ ಹುಲ್ಲು ತೆಗೆದಳು. "ಅಷ್ಟಾದ್ರೂ ಆಯ್ತಲ್ಲ ಮೇಡಂ," ಎಂದು ಒಳಗೆ ಹೋಗಿ ಮಷಿನಿಗೆ ಕೂತಳು.

ಬೇಸಿಗೆಯ ಹೊತ್ತಿಗೆ ಆ ಓಣಿಯ ಕೆಲಸ ಕಡಿಮೆಯಾಯಿತು. ಹೊರಗಿನಿಂದ ಬಟ್ಟೆ ಬರುವುದು ನಿಂತು, ಕೆಲವರು ಬಳ್ಳಾರಿಗೆ ಹೋದರು, ಕೆಲವರು ಬೆಂಗಳೂರಿನ ದೊಡ್ಡ ಗಾರ್ಮೆಂಟ್ ಫ್ಯಾಕ್ಟರಿಗಳಿಗೆ. ಆ ಹುಡುಗಿಯ ಅಮ್ಮ ಚಿಕ್ಕ ಮಗನನ್ನು ಎತ್ತಿಕೊಂಡು, ಮಗಳ ಜೊತೆ ಟಿ.ಸಿ. ಕೇಳಲು ಬಂದಳು. ಎಷ್ಟೋ ಜನ ಟಿ.ಸಿ. ಕೇಳದೆಯೇ ಹೊರಟುಹೋಗುತ್ತಿದ್ದ ಕಾಲ, ಇವಳು ಕೇಳಿದ್ದೇ ನನಗೆ ದೊಡ್ಡದೆನಿಸಿತು. ಬೇಕಾದರೆ ಮಗಳನ್ನು ನನ್ನ ಕೋಣೆಯಲ್ಲಿ ಬಿಟ್ಟುಹೋಗು, ನನ್ನ ಜೊತೆ ಇದ್ದು ಓದಲಿ ಎಂದೆ. ಅವಳು ಮಗಳ ಮುಖ ನೋಡಿದಳು, ಒಂದು ಕ್ಷಣ ಒಪ್ಪುತ್ತಾಳೆ ಅನ್ನಿಸಿತು.

"ಇವಳಿಲ್ದಿದ್ರೆ ಚಿಕ್ಕೋನ್ನ ಯಾರ್ ನೋಡ್ಕಂತಾರೆ ಮೇಡಂ? ನಾನು ಫ್ಯಾಕ್ಟ್ರಿಗೆ ಓದ್ರೆ ಬರೋದು ಕತ್ಲಾದ್ಮೇಲೆ."

ಮತ್ತೆ ಒತ್ತಾಯಿಸಲಿಲ್ಲ. ಒತ್ತಾಯಿಸುವ ಕಸುವು ನನ್ನಲ್ಲೂ ಉಳಿದಿರಲಿಲ್ಲ. ಟಿ.ಸಿ. ಬರೆದುಕೊಟ್ಟು, ಎಲ್ಲೇ ಹೋದರೂ ಮೊದಲು ಶಾಲೆಗೆ ಸೇರಿಸು ಎಂದೆ. ಸೇರಿಸ್ತೀನಿ ಎಂದಳು. ಮಾತು ಉಳಿಸಿಕೊಂಡಳು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಷ್ಟರಲ್ಲಿ ನನಗೆ ಮಡಕಶಿರಾ ಕಡೆಗೇ ವರ್ಗವಾಗಿತ್ತು. ಯುಗಾದಿಗೆ ಎರಡು ದಿನವಿರುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬಂದು 'ಟೀಚರ್' ಎಂದು ಕೈ ಹಿಡಿದಳು. ಅದೇ ಹುಡುಗಿ ಎಂದು ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತನೇ ತರಗತಿ ಪಾಸಾಗಿ, ಅಮ್ಮ ದುಡಿಯುತ್ತಿದ್ದ ಬೆಂಗಳೂರಿನ ಫ್ಯಾಕ್ಟರಿಗೇ ಸೇರಿದ್ದಳಂತೆ. ಅಮ್ಮನಿಗೆ ಈಗ ಬೆನ್ನು ನೆಟ್ಟಗಾಗುವುದಿಲ್ಲ, ಊರಲ್ಲಿದ್ದಾಳೆ. ತಮ್ಮ ಕಾಲೇಜಿಗೆ ಹೋಗುತ್ತಾನೆ. ಕೆಲಸ ಹೇಗಿದೆ ಎಂದು ಕೇಳಿದೆ.

"ಅಲ್ಲಿ ಕರೆಂಟ್ ಓಗೋದೇ ಇಲ್ಲ ಟೀಚರ್. ಓದ್ರೂ ಜನರೇಟರ್ ಐತೆ. ಮಷಿನ್ ನಿಲ್ಲೋದೇ ಇಲ್ಲ."

ದೂರಿನಂತೆ ಹೇಳಲಿಲ್ಲ, ಹೆಮ್ಮೆಯಿಂದಲೂ ಹೇಳಲಿಲ್ಲ. ಅವಳೇ ನನ್ನ ಮಂಡಿನೋವು ವಿಚಾರಿಸಿದಳು, ನಾನು ಕುಂಟುವುದನ್ನು ಆಗಲೇ ಗಮನಿಸಿದ್ದಳು. ಬೇಡವೆಂದರೂ ಗಾಡಿಯವನ ಹತ್ತಿರ ಹೋಗಿ ಬಾಳೆಹಣ್ಣು ತಂದು ನನ್ನ ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಅವಳ ಊರಿನ ಕಡೆ ಹೋಗುವ ರೊಳ್ಳದ ಬಸ್ಸು ಬಂತು. ಜನ ನುಗ್ಗಿದರು, ಅವಳೂ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿ ಕಿಟಕಿಯಿಂದ ಕೈ ಬೀಸಿದಳು.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತು, ಒಂದು ಹಣ್ಣು ಸುಲಿದೆ.